ಧರಣಿ ಕೂತ ಉಪ್ಪಿನಕಾಯಿ

ಅಪ್ಪೆಮಿಡಿ ಅಂದರೆ ಉಪ್ಪಿನಕಾಯಿಗೆ ಹಾಕುವ ಘಮದ ಮಾವಿನಮಿಡಿ. ಕನ್ನಡ ವಿಕಿಪೀಡಿಯದ ಅದರ ಪುಟಕ್ಕೆ ನಾನೊಮ್ಮೆ ನಾಲ್ಕು ಪ್ಯಾರಾ ಸೇರಿಸಿದ್ದೆ. ಹೊಳೆದಂಡೆಯ ಮರ, ಸೊನೆಯ ಘಮ, ಉಪ್ಪಿನಲ್ಲಿ ಹಾಕಿಡುವ ಕ್ರಮ ಎಲ್ಲ ಇತ್ತು. ರಾತ್ರಿ ನಿದ್ದೆಗಣ್ಣಲ್ಲಿ ಬರೆದದ್ದು, ಒಂದು ಕಡೆ ಕೈ ತಪ್ಪಿತು. ‘ಮಿಡಿಗಳನ್ನು ಭರಣಿಯಲ್ಲಿ ಇಡುತ್ತಾರೆ’ ಅನ್ನುವುದು ‘ಧರಣಿಯಲ್ಲಿ ಇಡುತ್ತಾರೆ’ ಎಂದಾಯಿತು. ಆರು ತಿಂಗಳು ಮಿಡಿಗಳು ಧರಣಿ ಕೂತಿದ್ದವು. ಯಾರೂ ತಿರುಗಿ ನೋಡಲಿಲ್ಲ. ಧರಣಿಗಳ ಹಣೆಬರಹವೇ ಅಷ್ಟು ಬಿಡಿ. ಆಮೇಲೆ ನನ್ನ ಕಣ್ಣಿಗೇ ಬಿದ್ದು ತಿದ್ದಿದೆ.

ಮೊನ್ನೆ ಒಂದು ವೆಬ್‌ಸೈಟಿನಲ್ಲಿ ಅಪ್ಪೆಮಿಡಿಯ ಲೇಖನ ಕಂಡಿತು. ಓದುತ್ತ ಹೋದರೆ ಹೊಳೆ ನನ್ನದೇ, ಮರ ನನ್ನದೇ, ಧರಣಿಯೂ ನನ್ನದೇ! ವಾಕ್ಯದ ನಡುವೆ [೧], [೨] ಹಾಗೇ ಇವೆ, ಅಡಿಟಿಪ್ಪಣಿಗಳು ಮಾತ್ರ ಮಾಯ. ಪುಟ ತಿದ್ದುವವರು ಒತ್ತಲಿ ಅಂತ ಉಪಶೀರ್ಷಿಕೆಯ ಪಕ್ಕದಲ್ಲಿದ್ದ ‘ಸಂಪಾದಿಸಿ’ ಕೂಡ ಅನಾಮತ್ತಾಗಿ ಬಂದಿದೆ. ‘ಉಪ್ಪಿನಕಾಯಿ ಸಂಪಾದಿಸಿ’ ಅಂತ ಓದಿದವರು ಯಾರ ಮನೆ ಅಟ್ಟ ಹತ್ತಿದರೋ. ಕೊನೆಯಲ್ಲಿ ಕೆಂಪು ಅಕ್ಷರ: ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ. ನಕಲು ಮಾಡುವುದು ಶಿಕ್ಷಾರ್ಹ ಅಪರಾಧ.’ ನನ್ನದೇ ವಾಕ್ಯವನ್ನು ಕಾಪಿ ಮಾಡೋಣ ಅಂದರೆ ಮೌಸಿನ ಬಲಗುಂಡಿ ಕೆಲಸ ಮಾಡಲಿಲ್ಲ. ಅದಕ್ಕೂ ಬೀಗ.

ತಮಾಷೆ ಏನಂದರೆ ಇಲ್ಲಿ ಕದಿಯುವ ಅಗತ್ಯವೇ ಇರಲಿಲ್ಲ. ವಿಕಿಪೀಡಿಯದ ಬರಹವನ್ನು ಯಾರು ಬೇಕಾದರೂ ತಗೊಳ್ಳಬಹುದು, ಅಚ್ಚು ಹಾಕಿಸಬಹುದು, ದುಡ್ಡಿಗೂ ಮಾರಬಹುದು. ಎಲ್ಲಿಂದ ತಂದಿರಿ ಹೇಳಿ, ಪರವಾನಗಿಯ ಕೊಂಡಿ ಹಾಕಿ, ಬದಲಾಯಿಸಿದ್ದರೆ ತಿಳಿಸಿ, ತಿದ್ದಿ ಬೆಳೆಸಿದ್ದನ್ನು ಇದೇ ಷರತ್ತಿನಲ್ಲಿ ಬೇರೆಯವರಿಗೂ ಬಿಟ್ಟುಕೊಡಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೇಳುವುದು ಇಷ್ಟೇ. ಎರಡು ಸಾಲಿನ ಕೆಲಸ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನೇ ಈ ಬಗೆಯ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಇವರು ನನ್ನ ನಾಲ್ಕು ಪ್ಯಾರಾಕ್ಕೆ ಬೀಗ ಹಾಕಿ ಕೂತಿದ್ದಾರೆ. ಜಾತ್ರೆಯ ಅನ್ನಸಂತರ್ಪಣೆಯಲ್ಲಿ ಪಾಯಸವನ್ನು ಕೊಡದಲ್ಲಿ ತುಂಬಿಕೊಂಡು ಹೋಗಿ, ಆಚೆ ಬೀದಿಯಲ್ಲಿ ಹೋಟೆಲು ತೆರೆದು, ‘ಹೊರಗಿನ ತಿಂಡಿಗೆ ಪ್ರವೇಶವಿಲ್ಲ’ ಅಂತ ಬೋರ್ಡು ಹಾಕಿದ ಹಾಗೆ.

ಸರಿ, ಪತ್ರ ಬರೆಯೋಣ ಅಂತ ಕೂತೆ. ಆಗ ಗೊತ್ತಾಯಿತು ಇದರ ಕಷ್ಟ. ‘ಮಾನ್ಯರೇ, ತಾವು ನಕಲು ಮಾಡಿದ್ದಕ್ಕೆ ಬಹಳ ಸಂತೋಷ. ಇನ್ನೂ ಜಾಸ್ತಿ ನಕಲು ಮಾಡಿ. ಲಾಭವೂ ಮಾಡಿಕೊಳ್ಳಿ. ಆದರೆ ದಯವಿಟ್ಟು...’ ಪಕ್ಕದ ಮನೆಯ ವಕೀಲರಿಗೆ ತೋರಿಸಿದೆ. “ಇದು ನೋಟಿಸಾ, ಲಗ್ನಪತ್ರಿಕೆಯಾ ಮಾರಾಯ್ರೇ?” ಅಂದರು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ನೇ ನೋಟಿಸು ಕೊಡಲಿ ಅಂದರೆ, ಬರಹದ ಹಕ್ಕು ಅದರದ್ದಲ್ಲ, ಬರೆದವರದ್ದು. ಬರೆದವನು ನಾನು. ಅಲ್ಲಿ ನನ್ನ ಹೆಸರು ‘ಹಿತ್ತಲಗಿಡ’. ಯಾವ ಕೋರ್ಟಿಗೆ ಹೋಗಿ ‘ಹಿತ್ತಲಗಿಡ ಹಾಜರಿದೆ ಸ್ವಾಮಿ’ ಅನ್ನಲಿ?

ಆದರೂ ಪತ್ರ ಕಳಿಸಿದೆ. ಮೂರು ವಾರದ ಮೇಲೆ ಉತ್ತರ ಬಂತು: ‘ಸರ್, ನಾವು ವಿಕಿಪೀಡಿಯದಿಂದ ತಗೊಂಡಿಲ್ಲ. ಗೂಗಲ್‌ನಿಂದ ತಗೊಂಡಿದ್ದು. ಗೂಗಲ್ ಫ್ರೀ ಅಲ್ವಾ?’

ಪಾಪ, ಇವರನ್ನೊಬ್ಬರನ್ನೇ ಅಂದು ಏನು ಪ್ರಯೋಜನ. 2009ರಲ್ಲಿ ‘ವೈರ್ಡ್’ ಪತ್ರಿಕೆಯ ಸಂಪಾದಕರಾಗಿದ್ದ ಕ್ರಿಸ್ ಆ್ಯಂಡರ್ಸನ್ ಒಂದು ಪುಸ್ತಕ ಬರೆದರು. ಹೆಸರು ‘ಫ್ರೀ’. ಬೆಲೆ 26.99 ಡಾಲರ್. ಅದರಲ್ಲಿ ವಿಕಿಪೀಡಿಯದ ಸಾಲುಗಳು ಹೆಸರಿಲ್ಲದೆ ಬಂದು ಕೂತಿದ್ದವು. ಸಿಕ್ಕಿಬಿದ್ದ ಮೇಲೆ ತಪ್ಪು ಒಪ್ಪಿಕೊಂಡರು, ಕಾರಣವನ್ನೂ ಕೊಟ್ಟರು: ವೆಬ್ ಮೂಲಗಳ ಅಡಿಟಿಪ್ಪಣಿಯನ್ನು ಹೇಗೆ ಹಾಕಬೇಕು ಅನ್ನುವುದೇ ಇತ್ಯರ್ಥ ಆಗಲಿಲ್ಲವಂತೆ, ಹಾಗಾಗಿ ಅಡಿಟಿಪ್ಪಣಿಗಳನ್ನೇ ಕೈಬಿಟ್ಟರಂತೆ. ಮದುವೆ ಊಟಕ್ಕೆ ಬಾಳೆಲೆಯೋ ತಟ್ಟೆಯೋ ಅನ್ನುವುದು ತೀರ್ಮಾನವಾಗದೆ ಮದುಮಗನನ್ನೇ ಬಿಟ್ಟ ಹಾಗಾಯಿತು. ಮರುವರ್ಷ ಫ್ರಾನ್ಸಿನ ಕಾದಂಬರಿಕಾರ ವೆಲ್‌ಬೆಕ್ ಅವರ ಪುಸ್ತಕದಲ್ಲಿ ಮನೆನೊಣದ ವರ್ಣನೆ ಫ್ರೆಂಚ್ ವಿಕಿಪೀಡಿಯದಿಂದ ಹಾರಿ ಬಂದಿತ್ತು. ಆ ಕಾದಂಬರಿಗೆ ಅಲ್ಲಿನ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಗೊಂಕೂರ್ ಕೂಡ ಬಂತು. ಮುಂದಿನ ಆವೃತ್ತಿಯಲ್ಲಿ ವಿಕಿಪೀಡಿಯಕ್ಕೆ ಒಂದು ಥ್ಯಾಂಕ್ಸ್ ಸಿಕ್ಕಿತು. ನೊಣಕ್ಕೆ ಸಿಕ್ಕ ಮರ್ಯಾದೆ ನನ್ನ ಮಾವಿನಮಿಡಿಗೆ ಸಿಗಲಿಲ್ಲ.

ಸಿಕ್ಕಿದ್ದು ಬೇರೆಯೇ. ಒಂದು ಬೆಳಗ್ಗೆ ನೋಡಿದರೆ ವಿಕಿಪೀಡಿಯದಲ್ಲಿ ನನ್ನ ಪ್ಯಾರಾಗಳ ತಲೆಯ ಮೇಲೆ ಪಟ್ಟಿ: ಕೃತಿಸ್ವಾಮ್ಯ ಉಲ್ಲಂಘನೆ, ಅಳಿಸಬೇಕು. ಯಾರೋ ಕಟ್ಟುನಿಟ್ಟಿನ ಹೊಸ ಸಂಪಾದಕರು ಆ ವೆಬ್‌ಸೈಟ್ ನೋಡಿ, ಕಳ್ಳ ನಾನೇ ಅಂತ ತೀರ್ಮಾನಿಸಿದ್ದರು. ಅಲ್ಲಿ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಅಂತ ಬರೆದಿದೆಯಲ್ಲ! ನನ್ನ ಪುಟದಲ್ಲಿ ‘ತಗೊಂಡು ಹೋಗಿ’ ಅಂತಿದೆ. ಕೊಡುವವನ ಮೇಲೇ ಅನುಮಾನ ಜಾಸ್ತಿ.

ಕಾಪಾಡಿದ್ದು ಧರಣಿ. ಯಾರು ಯಾವಾಗ ಏನು ಬರೆದರು ಅನ್ನುವುದೆಲ್ಲ ದಾಖಲಾಗಿರುವ ಪುಟದ ಇತಿಹಾಸ ತೆರೆದು, ‘ಧರಣಿ’ ಹುಟ್ಟಿದ ದಿನ, ಗಂಟೆ, ನಿಮಿಷ ತೋರಿಸಿದೆ. ಅದನ್ನು ‘ಭರಣಿ’ ಮಾಡಿದ ದಿನವನ್ನೂ ತೋರಿಸಿದೆ. ಇಡೀ ಕರ್ನಾಟಕದಲ್ಲಿ ಉಪ್ಪಿನಕಾಯಿಯನ್ನು ಧರಣಿ ಕೂರಿಸಿದವನು ನಾನೊಬ್ಬನೇ ಅಂತ ವಾದಿಸಿದೆ. ಪಟ್ಟಿ ಕಿತ್ತರು. ಜೀವನದಲ್ಲಿ ಮೊದಲ ಸಲ ಕಾಗುಣಿತದ ತಪ್ಪಿನಿಂದ ಮಾನ ಉಳಿಯಿತು.

ವೆಬ್‌ಸೈಟಿನವರಿಗೆ ಇದನ್ನೂ ಬರೆದು ತಿಳಿಸಿದೆ. ಈ ಸಲ ತಕ್ಷಣ ಸ್ಪಂದಿಸಿದರು. ನಿನ್ನೆ ನೋಡಿದರೆ ಲೇಖನದ ಕೆಳಗೆ ಒಂದು ಸಾಲು ಸೇರಿಸಿದ್ದಾರೆ: ‘ಕೃಪೆ: ಅಂತರ್ಜಾಲ’. ಮಿಡಿಗಳು ಇನ್ನೂ ಧರಣಿಯಿಂದ ಎದ್ದಿಲ್ಲ.