ಮೋಟಾರ್ ಇರೋ ಸೈಕಲ್ಲಿಗೆ ಕಾರ್ಬನ್ ರಿಮ್ ಯಾಕೆ?

ಈಚೆಗೆ ಒಂದು ಭಾನುವಾರ ಬೆಳಗ್ಗೆ ಸ್ಕಂದಗಿರಿ ಬುಡದ ಬಂಡಿಜಾಡಿನಲ್ಲಿ ಎಲೆಕ್ಟ್ರಿಕ್ ಮೌಂಟನ್ ಬೈಕ್ ಇಳಿಸುತ್ತಿದ್ದೆ. ಮಳೆಗೆ ಮಣ್ಣೆಲ್ಲ ಕೊಚ್ಚಿಹೋಗಿ ಕಲ್ಲುಗಳು ಹಲ್ಲು ಕಿರಿದುಕೊಂಡು ನಿಂತಿದ್ದವು. ಹಿಂದಿನ ಚಕ್ರ ಒಂದಕ್ಕೆ ಬಡಿದು ‘ಟಕ್’ ಅಂತು. ಗಾಳಿ ಹೋಗಲಿಲ್ಲ, ಚಕ್ರ ಓಲಾಡಲಿಲ್ಲ. ಸುಮ್ನೆ ಮನೆಗೆ ಬಂದೆ.

ತೊಳೆಯುವಾಗ ನೋಡಿದರೆ ಕಾರ್ಬನ್ ರಿಮ್ಮಿನ ಅಂಚಿನಲ್ಲಿ ಕೂದಲೆಳೆಯಷ್ಟು ಗೆರೆ. ರಿಮ್ ಅಂದರೆ ಟೈರ್ ಕೂರೋ ಬಳೆ; ನನ್ನದು ಕಾರ್ಬನ್ ನಾರನ್ನು ಅಂಟಿನಲ್ಲಿ ಪದರ ಪದರವಾಗಿ ಕೂಡಿಸಿ ಮಾಡಿದ್ದು. ಉಗುರಲ್ಲಿ ಕೆರೆದೆ, ಹೋಗಲಿಲ್ಲ. ಒಂದು ರೂಪಾಯಿ ನಾಣ್ಯ ತಗೊಂಡು ಸುತ್ತಲೂ ಕುಟ್ಟುತ್ತಾ ಬಂದೆ, ಸಂತೆಯಲ್ಲಿ ಮಡಕೆ ತಟ್ಟಿ ನೋಡುತ್ತಾರಲ್ಲ, ಹಾಗೆ. ಎಲ್ಲ ಕಡೆ ಟಣ್ ಟಣ್. ಗೆರೆಯ ಹತ್ತಿರ ಮಾತ್ರ ಮಂಕು ಸದ್ದು. ಒಳಗೆ ಪದರ ಬಿಟ್ಟಿತ್ತು.

‘ಕಾರ್ಬನ್ ಅಂದ್ರೆ ಪ್ಲಾಸ್ಟಿಕ್ಕೇ ಅಲ್ವಾ, ಇನ್ನೇನಾಗುತ್ತೆ’ ಅಂದ ಗೆಳೆಯ. ಅದನ್ನು ನಾನು ಒಪ್ಪೋದಿಲ್ಲ. ಎರಡು ವರ್ಷ ಆ ಚಕ್ರ ಒಂದು ಕೂದಲೂ ವಾಲಿರಲಿಲ್ಲ, ಸ್ಪೋಕ್ ಬಿಗಿ ಮಾಡೋ ಕೆಲಸವೇ ಬಂದಿರಲಿಲ್ಲ. ಅಲ್ಯೂಮಿನಿಯಂ ಆಗಿದ್ದರೆ ಅಷ್ಟರಲ್ಲಿ ನಾಲ್ಕು ಸಲ ಸರಿ ಮಾಡಿಸಬೇಕಿತ್ತು. ಕಾರ್ಬನ್ ಬಲಹೀನ ಅಲ್ಲ. ಆದರೆ ಅದು ಬಗ್ಗೋದಿಲ್ಲ. ಗಟ್ಟಿಯಾಗಿ ನಿಂತೇ ಇರುತ್ತದೆ, ಒಂದು ದಿನ ಸೀಳುತ್ತದೆ. ಅಲ್ಯೂಮಿನಿಯಂ ಮೊದಲು ಡೊಂಕಾಗಿ ಹೇಳಿಬಿಡುತ್ತದೆ.

ಮೋಟಾರಿನಿಂದ ರಿಮ್ ಹೋಗುತ್ತೆ ಅನ್ನೋದೂ ಪೂರ್ತಿ ಸರಿಯಲ್ಲ. ನನ್ನ ಮೋಟಾರಿನ 85 ನ್ಯೂಟನ್ ಮೀಟರ್ ತಿರುಗು ಬಲ ಮುಖ್ಯವಾಗಿ ಚೈನು, ಚಕ್ರದ ನಡುವಿನ ಹಬ್ಬು, ಸ್ಪೋಕುಗಳ ಮೇಲೆ ಬೀಳುತ್ತದೆ. ರಿಮ್ಮನ್ನು ಕೊಲ್ಲೋದು ತೂಕ. ನನ್ನ ಬೈಕು 23 ಕೆ.ಜಿ., ನಾನು 82. ಸಾಧಾರಣ ಸೈಕಲ್ಲಿನಲ್ಲಿ ಏರು ಬಂದರೆ ಸೀಟು ಬಿಟ್ಟು ಎದ್ದು, ಕಲ್ಲು ತಪ್ಪಿಸಿ ದಾರಿ ಹುಡುಕುತ್ತೇವೆ. ಮೋಟಾರ್ ಬಂದಮೇಲೆ ಆ ಎಚ್ಚರವೇ ಹೋಯ್ತು. ಕೂತಲ್ಲೇ ಕೂತು ಕಲ್ಲಿನ ಮೇಲೇ ಹತ್ತಿಸಿಬಿಡುತ್ತೇವೆ. ಆ ಪೆಟ್ಟೆಲ್ಲ ಹಿಂದಿನ ಚಕ್ರಕ್ಕೆ.

ಜೊತೆಗೆ ಅವತ್ತು ತಪ್ಪು ನನ್ನದೂ ಇತ್ತು. ಹಿಡಿತ ಚೆನ್ನಾಗಿರಲಿ ಅಂತ ಹಿಂದಿನ ಟೈರಿಗೆ ಗಾಳಿ ಕಡಿಮೆ ಮಾಡಿ 18 ಪಿಎಸ್ಐ ಇಟ್ಟಿದ್ದೆ. ನನ್ನ ತೂಕಕ್ಕೆ 25 ಬೇಕಿತ್ತು. ಟೈರಿನೊಳಗೆ ರಿಮ್ಮಿಗೆ ದಿಂಬಿನ ಹಾಗಿರೋ ಫೋಮ್ ಇನ್ಸರ್ಟ್ ಹಾಕಿದ್ದರೆ ರಿಮ್ ಉಳಿಯುತ್ತಿತ್ತೇನೋ. ಅದರ ತೂಕ ಯಾಕೆ ಅಂತ ಬಿಟ್ಟಿದ್ದೆ. ನಗಬೇಡಿ.

ಈ ತೂಕದ ಲೆಕ್ಕವೇ ನನಗೆ ತಮಾಷೆ ಅನ್ನಿಸೋದು. ಕಾರ್ಬನ್ನಿನಿಂದ ಜೋಡಿ ಚಕ್ರದಲ್ಲಿ ಕಡಿಮೆಯಾಗೋ ತೂಕ ಕೆಲವು ನೂರು ಗ್ರಾಂ ಅಷ್ಟೇ. ಮೋಟಾರು, ಬ್ಯಾಟರಿ ಸೇರಿ 6 ಕೆ.ಜಿ. ಹೊತ್ತ ಗಾಡಿಯಲ್ಲಿ ಅದು ಯಾರಿಗೆ ಗೊತ್ತಾಗುತ್ತೆ? ಒಳ್ಳೆ ಕಂಪನಿಯದಾದರೆ ಅದಕ್ಕೆ ಲಕ್ಷದ ಮೇಲೂ ಕೊಡಬೇಕಾಗಬಹುದು. ಕೆಲವು ಕಂಪನಿಗಳು ಜೀವಮಾನ ವಾರಂಟಿ ಕೊಡುತ್ತವೆ, ನಿಜ. ಹೊಸ ರಿಮ್ ಹೊರದೇಶದಿಂದ ಬಂದು ಕಸ್ಟಮ್ಸ್ ದಾಟೋವರೆಗೆ ನಂದಿ ಬೆಟ್ಟವನ್ನು ಮನೆ ಮಾಳಿಗೆಯಿಂದ ನೋಡುತ್ತಾ ಕೂರಬೇಕು.

ಚಿಕ್ಕಬಳ್ಳಾಪುರದಲ್ಲಿ ನಮ್ಮ ಪಂಕ್ಚರ್ ಅಂಗಡಿ ಅಣ್ಣನಿಗೆ ತೋರಿಸಿದೆ. ಬೆರಳಾಡಿಸಿ ನೋಡಿ ತೆಲುಗಲ್ಲಿ ಏನೋ ಗೊಣಗಿದರು.

‘ಸಾರ್, ಇದಕ್ಕೆ ಸುತ್ತಿಗೆ ಇಟ್ರೆ?’

‘ಪುಡಿ ಆಗುತ್ತಣ್ಣ.’

‘ಮತ್ತೆ ಯಾಕ್ ತಗೊಂಡ್ರಿ?’

ಉತ್ತರ ಹೊಳೆಯಲಿಲ್ಲ. ಮುಂದಿನ ಕಾರ್ಬನ್ ಹಾಗೇ ಇಟ್ಟುಕೊಂಡೆ, ಅಲ್ಲಿ ಪೆಟ್ಟು ಕಡಿಮೆ. ಹಿಂದಕ್ಕೆ ದಪ್ಪ ಗೋಡೆಯ ಅಲ್ಯೂಮಿನಿಯಂ ಹಾಕಿಸಿದೆ. ವಾರದಲ್ಲೇ ಅದಕ್ಕೊಂದು ಡೊಂಕು ಬಿತ್ತು. ಅಣ್ಣ ಮರದ ತುಂಡು ಇಟ್ಟು ನಾಲ್ಕೇಟು ಹಾಕಿ ಸರಿ ಮಾಡಿದರು. ಐವತ್ತು ರೂಪಾಯಿ ತಗೊಂಡರು.