ಮಗನ ಹೊಟ್ಟೆಯ 19ನೇ ಗೇಟು

ಕೊಪ್ಪಳದಲ್ಲಿ ದೊಡ್ಡವರಿಗೆ ಹೊಟ್ಟೆ ನೋವು ಬಂದರೆ ಅದು ಅವರ ಸ್ವಂತ ವಿಷಯ. ಮಕ್ಕಳಿಗೆ ಬಂದರೆ ಓಣಿಯ ವಿಷಯ. ಒಳಗೆ ಮಗು ಒಮ್ಮೆ ಮುಲುಗಿದರೆ ಸಾಕು, ಹೊರಗೆ ಕಟ್ಟೆಯ ಮೇಲೆ ಕೂತವರು ಔಷಧ ಹೇಳಲು ಶುರು ಮಾಡುತ್ತಾರೆ. ಮಗು ಏನು ತಿಂದಿತು ಅಂತ ಯಾರೂ ಕೇಳುವುದಿಲ್ಲ. ಕೇಳುವುದೇನು, ಎಲ್ಲರಿಗೂ ಗೊತ್ತೇ ಇದೆ. ಮಿರ್ಚಿ.

ಬೇರೆ ಕಡೆಯವರಿಗೆ ಮಿರ್ಚಿ ಬಜ್ಜಿ ಮಳೆ ಬಂದ ಸಂಜೆಯ ತಿಂಡಿ. ಕೊಪ್ಪಳ, ಗಂಗಾವತಿ, ರಾಯಚೂರು, ಬಳ್ಳಾರಿ ಕಡೆ ಅದು ಬೆಳಗಿನ ನಾಷ್ಟಾ. ತಟ್ಟೆ ತುಂಬ ಮಂಡಾಳ ಒಗ್ಗರಣಿ, ಮೇಲೆ ಪುಟಾಣಿ ಹಿಟ್ಟು, ಪಕ್ಕಕ್ಕೆ ಬಾಣಲೆಯಿಂದ ಈಗಷ್ಟೇ ಎದ್ದ ಮಿರ್ಚಿ. ಹಲ್ಲುಜ್ಜಿದ ಮರುಗಳಿಗೆ ಮೆಣಸಿನಕಾಯಿ ಕಚ್ಚುವ ಜನ ನಾವು. ಹಾಗಂತ ಇದು ಈ ಮಣ್ಣಿನ ಗಿಡವೇನಲ್ಲ. ಪೋರ್ಚುಗೀಸರು 1498ರಲ್ಲಿ ನಮ್ಮ ಕರಾವಳಿಗೆ ಬಂದರಲ್ಲ, ಮೆಣಸಿನಕಾಯಿ ಬಂದದ್ದು ಆಮೇಲೆ. ಪಕ್ಕದಲ್ಲೇ 1336ರಲ್ಲಿ ವಿಜಯನಗರ ಕಟ್ಟಿದವರಿಗೆ ಮಿರ್ಚಿ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಅಷ್ಟು ದೊಡ್ಡ ರಾಜ್ಯ, ಬೆಳಿಗ್ಗೆ ಎದ್ದು ಏನು ತಿಂದರೋ ಪಾಪ.

ನನ್ನ ಮಗನಿಗೆ ಆ ಕೊರತೆ ಇಲ್ಲ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಹೋಗಿದ್ದೆವು. ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬಿ ಬರುವ ಜೋಳದ ರೊಟ್ಟಿ, ಮಾದಲಿ, ಪಲ್ಯ, ಅನ್ನ, ಸಾರು. ದಾಸೋಹದಲ್ಲಿ ಕೂತು ಮಗ ಮರ್ಯಾದೆಯಿಂದ ಉಂಡ. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಅವನ ಜಾತ್ರೆ ಶುರುವಾದದ್ದೇ ಹೊರಗೆ ಬಂದ ಮೇಲೆ. ಗಾಡಿಯ ಮಿರ್ಚಿ, ಗೋಬಿ, ಬಣ್ಣದ ಐಸ್, ಅವನ ಕಾಕಾ ಕೊಡಿಸಿದ ಕೋಲಾ. ಎಲ್ಲ ಮುಗಿಸಿ ದೊಡ್ಡ ತೊಟ್ಟಿಲು ಹತ್ತಿ ಗಿರಗಿರ ತಿರುಗಿ ಇಳಿದ. ಮನೆಗೆ ಬಂದವನೇ ಹಾಸಿಗೆಗೆ ಬಿದ್ದ. ಎಷ್ಟು ಮಿರ್ಚಿ ತಿಂದಿ ಅಂದರೆ 'ಎರಡಪಾ' ಅಂದ. ಕಾಕಾ ಆ ಕಡೆ ಮುಖ ತಿರುಗಿಸಿದ.

ನಡುರಾತ್ರಿಗೆ ಎದ್ದು ಕೂತ. ಎದೆ ಹಿಡಿದುಕೊಂಡು, 'ಅಪ್ಪಾ, ಒಳಗ ಮಿರ್ಚಿ ವಾಪಸ್ ಬರಾಕತ್ತೈತಿ' ಅಂದ. ಹುಳಿ ತೇಗು, ಗಂಟಲಲ್ಲಿ ಉರಿ. ಅವನು ಹೇಳಿದ್ದು ವೈದ್ಯಶಾಸ್ತ್ರದ ಪ್ರಕಾರ ಪೂರ್ತಿ ಸರಿ ಅಂತ ಆಮೇಲೆ ಗೊತ್ತಾಯಿತು.

ಮೊದಲು ಎದ್ದವಳು ಅವ್ವ. ಅವಳ ಔಷಧ ಯಾವತ್ತೂ ಒಂದೇ, ಅಜವಾನ. ನೆಗಡಿಗೂ ಅದೇ, ಹೊಟ್ಟೆಗೂ ಅದೇ. ಚಿಟಿಕೆ ಅಜವಾನ, ನಾಲ್ಕು ಹರಳು ಉಪ್ಪು ಅಂಗೈಯಲ್ಲಿ ತಿಕ್ಕಿ ಅವನ ಬಾಯಿಗೆ ಹಾಕಿದಳು. ಅಜವಾನದಲ್ಲಿ ಥೈಮಾಲ್ ಅನ್ನುವ ಎಣ್ಣೆಯಂಶ ಇದೆ. ಘಾಟು ಬರುವುದು ಅದರಿಂದಲೇ. ಹೊಟ್ಟೆ ಉಬ್ಬರಿಸಿದ್ದರೆ ಹಿತ ಅನಿಸಬಹುದು. ಗಂಟಲು ಉರಿಯುವವನಿಗೆ ಕೊಟ್ಟರೆ?

'ಅಜ್ಜಿ, ಇದೂ ಖಾರ ಐತಿ!'

'ಸುಮ್ಕ ನುಂಗು. ಮುಳ್ಳು ಮುಳ್ಳಿಂದನ ತೆಗೀಬೇಕು.'

ಆಮೇಲೆ ಇಂಗು. ಬಿಸಿನೀರಲ್ಲಿ ಕಲಸಿ ಹೊಕ್ಕಳ ಸುತ್ತ ದಪ್ಪಗೆ ಬಳಿದಳು. ಇಂಗು ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರುವ ಗಿಡದ ಬೇರಿನ ಅಂಟು. ಅಷ್ಟು ದೂರದಿಂದ ಬಂದದ್ದು ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಬೆಳಿಗ್ಗೆ ಸ್ನಾನ ಮಾಡಿಸಿದರೂ ವಾಸನೆ ಹೋಗಲಿಲ್ಲ. ಶಾಲೆಯ ವ್ಯಾನ್ ಡ್ರೈವರ್ ದಾರಿಯಲ್ಲಿ ಗಾಡಿ ನಿಲ್ಲಿಸಿ, ಯಾರ ಡಬ್ಬಿಯಿಂದ ಸಾರು ಚೆಲ್ಲಿದೆ ಅಂತ ಒಂದೊಂದೇ ಬ್ಯಾಗು ತೆಗೆಸಿ ನೋಡಿದನಂತೆ. ಮಗ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದನಂತೆ.

ರಾತ್ರಿಯ ಕಥೆ ಇನ್ನೂ ಮುಗಿದಿಲ್ಲ. ಕೋಲಾ ಕೊಡಿಸಿದ ಪಾಪ ಕಳೆದುಕೊಳ್ಳಲು ಕಾಕಾ ಅಡುಗೆಮನೆಗೆ ನುಗ್ಗಿದ. ಒಂದು ಲೋಟ ನೀರು, ಅರ್ಧ ನಿಂಬೆಹಣ್ಣು, ಒಂದು ಚಮಚ ತಿನ್ನೋ ಸೋಡಾ. ಲೋಟ ಬುಸುಬುಸು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. 'ನೋಡ್ರಿ, ಎಷ್ಟು ಪವರ್ ಐತಿ' ಅಂದ. ನನ್ನ ಹೆಂಡತಿ ಲೋಟ ಕಸಿದು ಸಿಂಕಿಗೆ ಸುರಿದಳು. ಅವಳು ಮಾಡಿದ್ದೇ ಸರಿ. ಸೋಡಾ ಹೊಟ್ಟೆಯ ಆಮ್ಲವನ್ನು ತಣಿಸುವುದು ನಿಜ. ಆದರೆ ಹಾಗೆ ತಣಿಸುವಾಗ ಗಾಳಿ ಹುಟ್ಟುತ್ತದೆ. ತುಂಬಿದ ಹೊಟ್ಟೆ ಇನ್ನಷ್ಟು ಉಬ್ಬುತ್ತದೆ. ಮೇಲೆ ಅದರಲ್ಲಿರುವ ಸೋಡಿಯಂ ಸಣ್ಣ ಮಕ್ಕಳಿಗೆ ಅಪಾಯ ತರಬಲ್ಲದು. ಅಂದಾಜಿನ ಮೇಲೆ ಚಮಚದಲ್ಲಿ ಕೊಡುವ ವಸ್ತುವಲ್ಲ ಅದು. ಅಷ್ಟಕ್ಕೂ ಮಿರ್ಚಿಯ ಹಿಟ್ಟು ಉಬ್ಬಲಿ ಅಂತ ಗಾಡಿಯವರು ಹಾಕುವುದೂ ಇದೇ ಸೋಡಾ. ರೋಗ, ಔಷಧ ಎರಡೂ ಒಂದೇ ಡಬ್ಬಿಯಿಂದ.

ಇಷ್ಟರಲ್ಲಿ ದೀಪ ಕಂಡು ಪಕ್ಕದ ಮನೆಯ ಅಕ್ಕ ಬಂದರು. ಹುಡುಗನನ್ನು ನೋಡಿದವರೇ ತೀರ್ಪು ಕೊಟ್ಟರು. 'ದೃಷ್ಟಿ ಆಗೇತಿ. ಜಾತ್ರ್ಯಾಗ ಯಾರರ ನೋಡ್ಯಾರ.' ಲಕ್ಷಗಟ್ಟಲೆ ಜನ ಸೇರುವ ಜಾತ್ರೆಯಲ್ಲಿ ಯಾರಾದರೂ ನೋಡಿಯೇ ಇರುತ್ತಾರೆ, ಅದಕ್ಕೆ ಎದುರು ಮಾತಾಡುವಂತಿಲ್ಲ. ಒಣಮೆಣಸಿನಕಾಯಿ, ಉಪ್ಪು ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿ ಆಗಿದೆ ಅಂತ ಲೆಕ್ಕ. ಬಂದರೆ ಆಗಿಲ್ಲ. ಬಂತು ನೋಡಿ! ನಾನು, ಹೆಂಡತಿ, ಕಾಕಾ, ಅವ್ವ ಎಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದೆವು. ಅಲ್ಲಿಯವರೆಗೆ ಒಬ್ಬನಿಗೆ ಉರಿ ಇತ್ತು, ಈಗ ಮನೆಮಂದಿಗೆಲ್ಲ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, 'ದೃಷ್ಟಿ ಅಲ್ಲ ಬಿಡ್ರಿ' ಅಂದರು. ಅದೊಂದು ಇತ್ಯರ್ಥವಾಯಿತು.

ಅಂಗಳದಲ್ಲಿ ನಿಂತೇ ಹೆಂಡತಿ ಬಳ್ಳಾರಿಗೆ ಫೋನ್ ಮಾಡಿದಳು. ಅವಳ ತವರಲ್ಲಿ ಎಲ್ಲಕ್ಕೂ ಔಡಲ ಎಣ್ಣೆ. ನಮ್ಮತ್ತೆ ಫೋನಿನಲ್ಲೇ ಅಳತೆ ಹೇಳತೊಡಗಿದರು. ಔಡಲ ಎಣ್ಣೆ ಹೊಟ್ಟೆ ತೊಳೆಯುವುದೇನೋ ಖರೆ. ಆದರೆ ಉರಿ ಮೇಲಿದೆ, ಇದು ಹೋಗುವುದು ಕೆಳಗೆ. ನಾನು ನಕ್ಕೆ. ಅಷ್ಟು ಸಾಕಾಯಿತು.

'ನಿಮ್ಮವ್ವ ಅಜವಾನ ತಿನ್ನಿಸಿದ್ರ ಸುಮ್ನಿದ್ರಿ. ನಮ್ಮವ್ವ ಎಣ್ಣಿ ಅಂದ್ರ ನಗು ಬಂತೇನು?'

ಆ ಮಾತು ಇವತ್ತಿಗೂ ಮುಗಿದಿಲ್ಲ. ಇಲ್ಲಿ ಅದನ್ನು ಬೆಳೆಸುವುದಿಲ್ಲ.

ನಾವು ಜಗಳ ಮುಗಿಸಿ ಒಳಗೆ ಬಂದಾಗ ಮಗ ಮಲಗಿದ್ದ. ಅವ್ವ ಯಾವಾಗಲೋ ಒಳಗೆ ಹೋಗಿ ಗೋಡೆಗೆ ಆನಿಕೊಂಡು ಕೂತಿದ್ದಳು. ಅವನು ಅವಳ ಹೆಗಲಿಗೆ ತಲೆ ಕೊಟ್ಟು ಕೂತಲ್ಲೇ ನಿದ್ದೆ ಹೋಗಿದ್ದ. ಅವ್ವನ ಮುಖದಲ್ಲಿ ಗೆದ್ದ ಕಳೆ. 'ನೋಡಿದ್ಯಾ, ಅಜವಾನ ಹೆಂಗ ಕೆಲಸ ಮಾಡ್ತು.'

ಅದೇನೋ ಸರಿ, ಆದರೆ ಮುಂದಿನ ವಾರವೂ ರಾತ್ರಿ ಅದೇ ಗೋಳು. ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಹೊಟ್ಟೆ ಒತ್ತಿ ನೋಡಿದರು, ತೂಕ ನೋಡಿದರು. ರಾತ್ರಿ ಊಟ ಎಷ್ಟೊತ್ತಿಗೆ, ಮಲಗುವುದು ಎಷ್ಟೊತ್ತಿಗೆ ಅಂತ ಕೇಳಿದರು. ಆಮೇಲೆ ಕೊಪ್ಪಳದವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದರು.

'2024ರ ಆಗಸ್ಟ್‌ನಾಗ ನಮ್ಮ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಗಿದ್ದು ನೆನಪೈತಲ್ರಿ? ಇವನ ಅನ್ನನಾಳ ಹೊಟ್ಟಿಗೆ ಸೇರೋ ಕಡೆ ಹಂಗ ಒಂದು ಗೇಟ್ ಐತಿ. ಉಂಗುರದ ಆಕಾರದ ಸ್ನಾಯು. ಊಟ ಇಳಿದ ಮ್ಯಾಲ ಮುಚ್ಚಿಕೋಬೇಕು. ಇವಂದು ಆಗಾಗ ಸಡಿಲ ಆಗ್ತೈತಿ, ಒಳಗಿನ ಆಮ್ಲ ಮ್ಯಾಲ ಬರ್ತೈತಿ. ಹೊಟ್ಟಿ ಒಳಗ ಲೋಳೆಯ ಪದರ ಇರ್ತೈತಿ, ಅದು ತಡಕೋತದ. ಅನ್ನನಾಳಕ್ಕ ಅಂಥಾ ರಕ್ಷಣೆ ಇಲ್ಲ. ಅದಕ್ಕ ಉರಿ.'

ಇಲ್ಲಿ ಯಾರಿಗೆ ತಾನೇ ನೆನಪಿಲ್ಲ? ತುಂಗಭದ್ರಾ ಡ್ಯಾಮಿಗೆ 33 ಗೇಟು. ಅದರಲ್ಲಿ ಒಂದರ ಚೈನ್ ಕಟ್ಟಾಗಿ ಗೇಟು ಹೋಯಿತು. ತುಂಬಿದ ಡ್ಯಾಮಿನ ನೀರು ಹರಿದುಹೋಗುವುದನ್ನು ಇಡೀ ಜಿಲ್ಲೆ ಹೊಟ್ಟೆ ಹಿಡಿದುಕೊಂಡು ನೋಡಿತ್ತು. ಕೊನೆಗೆ ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಲ್ಲೇ ಸ್ಟಾಪ್ ಲಾಗ್ ಅನ್ನುವ ತಾತ್ಕಾಲಿಕ ಗೇಟು ಇಳಿಸಿದರು. ಮಗನ ಹೊಟ್ಟೆಗೆ ಅಂಥ ಸಾಹಸ ಬೇಕಿರಲಿಲ್ಲ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರ ಇರಲಿ. ಒಮ್ಮೆಲೇ ಹೊಟ್ಟೆ ಬಿರಿಯ ತಿನ್ನಿಸಬೇಡಿ. ಕರಿದದ್ದು, ಖಾರ, ಚಾಕೊಲೇಟ್, ಕೋಲಾ ಕಡಿಮೆ ಮಾಡಿ. ಸೊಂಟಕ್ಕೆ ಬಿಗಿಯುವ ಚಡ್ಡಿ ಬೇಡ. ಮಲಗಿದಾಗ ಗೇಟು, ಆಮ್ಲ ಒಂದೇ ಮಟ್ಟಕ್ಕೆ ಬರುತ್ತವೆ, ಕೂತಾಗ ಆಮ್ಲ ಕೆಳಗೇ ಉಳಿಯುತ್ತದೆ. ಅಂದರೆ ಆ ರಾತ್ರಿ ಅಜವಾನಕ್ಕೆ ಹೋದ ಹೆಸರು ಅವ್ವನ ಹೆಗಲಿಗೆ ಹೋಗಬೇಕಿತ್ತು. ಇದನ್ನು ಅವ್ವನಿಗೆ ಹೇಳಿದೆ. ತನ್ನದೇ ಹೆಗಲು ಅಂತ ಅವಳಿಗೆ ಖುಷಿಯೇನೂ ಆಗಲಿಲ್ಲ. ಅಜವಾನಕ್ಕೆ ಅವಮಾನ ಆಯಿತು ಅಂತಲೇ ಬೇಜಾರು.

ಮನೆಮದ್ದೇ ಬೇಡವೇ ಅಂತ ಹೆಂಡತಿ ಕೇಳಿದಳು. ಡಾಕ್ಟರು ಬೇಡ ಅನ್ನಲಿಲ್ಲ. ಜೀರಿಗೆ ನೀರು, ಬಡೇಸೋಂಪಿನ ನೀರು ಸ್ವಲ್ಪ ಕೊಡಿ, ತೊಂದರೆ ಇಲ್ಲ. ಹುಳಿಯಿಲ್ಲದ ಮಜ್ಜಿಗೆ, ಜೋಳದ ನುಚ್ಚು, ಬಾಳೆಹಣ್ಣು ಅವನಿಗೆ ಒಗ್ಗಿದರೆ ಕೊಡಿ. ತಣ್ಣನೆ ಹಾಲು ಆ ಗಳಿಗೆಗೆ ಹಾಯೆನಿಸುತ್ತದೆ, ಆಮೇಲೆ ಆಮ್ಲ ಮತ್ತೆ ಏರಬಹುದು. ಪುದೀನಾ ತಂಪು ಅಂತ ಜಾಸ್ತಿ ಕೊಡಬೇಡಿ, ಆ ಗೇಟಿನ ಸ್ನಾಯು ಇನ್ನೂ ಸಡಿಲವಾಗುತ್ತದೆ. ಇದನ್ನು ಕೇಳಿ ನಾನು ಜೇಬಿನಲ್ಲಿದ್ದ ಪೆಪ್ಪರ್‌ಮಿಂಟ್ ಜೇಬಿನಲ್ಲೇ ಉಳಿಸಿಕೊಂಡೆ. ಒಂದು ಮಾತನ್ನು ಮಾತ್ರ ಅವರು ನಗದೆ ಹೇಳಿದರು. ಹಸಿರು ವಾಂತಿ, ವಾಂತಿಯಲ್ಲಿ ರಕ್ತ, ಕಪ್ಪು ಮಲ, ನುಂಗಲು ಕಷ್ಟ, ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಅಜವಾನದ ಡಬ್ಬಿ ಹುಡುಕುತ್ತ ಕೂರಬೇಡಿ, ಸೀದಾ ಆಸ್ಪತ್ರೆಗೆ ಬನ್ನಿ.

ಮಂಚದ ತಲೆಯ ಕಡೆ ಸ್ವಲ್ಪ ಎತ್ತರಿಸಿ, ದಿಂಬಿನ ಮೇಲೆ ದಿಂಬು ಒಟ್ಟಬೇಡಿ, ಹೊಟ್ಟೆ ಮಡಚಿ ಒತ್ತಡ ಜಾಸ್ತಿ ಆಗುತ್ತದೆ ಅಂತಲೂ ಅಂದಿದ್ದರು. ಕೂಸುಗಳಿಗೆ ಇದು ಬೇಡ, ಅವು ಸಮತಟ್ಟಾದ ಹಾಸಿಗೆಯಲ್ಲಿ ಬೆನ್ನ ಮೇಲೇ ಮಲಗಬೇಕು ಅಂತ ಎಚ್ಚರಿಸಿದ್ದೂ ಉಂಟು. ಕಾಕಾಗೆ ಇದು ಇಂಜಿನಿಯರಿಂಗ್ ಕೆಲಸ ಅನಿಸಿತು. ಮನೆ ಕಟ್ಟುವವರ ಹತ್ತಿರ ಇಟ್ಟಿಗೆ ಕೇಳಿ ತಂದ. 'ಸ್ವಲ್ಪ' ಅನ್ನುವುದು ಅವನ ಲೆಕ್ಕದಲ್ಲಿ ಬಹಳ. ಮಗ ಮಲಗಿದ, ಜಾರಿದ. ಮೇಲೆ ಎಳೆದು ಮಲಗಿಸಿದೆವು, ಮತ್ತೆ ಜಾರಿದ. ಬೆಳಿಗ್ಗೆ ನೋಡಿದರೆ ದಿಂಬು ಮೇಲೆ, ಮಗ ಮಂಚದ ಕಾಲಬುಡದಲ್ಲಿ ಹೊದಿಕೆಯ ಸಮೇತ ಮುದ್ದೆ. ಆದರೆ ಎದೆ ಉರಿ ಅನ್ನಲಿಲ್ಲ. ಆಮೇಲೆ ಒಂದೊಂದೇ ಇಟ್ಟಿಗೆ ತೆಗೆದು ಹದಕ್ಕೆ ತಂದೆವು.

ಪಕ್ಕದ ಮನೆಯ ಅಕ್ಕನಿಗೆ ಆಗಷ್ಟೇ ಮೊಮ್ಮಗು ಹುಟ್ಟಿತ್ತು. ಅಲ್ಲಿ ಬಜೆ ಬೇರು ತೇಯ್ದು ಜೇನಿನಲ್ಲಿ ನೆಕ್ಕಿಸುವ ತಯಾರಿ ನಡೆದಿತ್ತು. ಡಾಕ್ಟರ ಮನೆಗೆ ಹೋಗಿ ಬಂದ ಹುರುಪಿನಲ್ಲಿ ನನ್ನ ಹೆಂಡತಿ ಹೋಗಿ ತಡೆದಳು. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೂಡದು, ಬಾಟ್ಯುಲಿಸಂ ಅನ್ನುವ ಕೆಟ್ಟ ಕಾಯಿಲೆಯ ಭಯ ಇದೆ. ಬಜೆಯನ್ನು ಅಮೆರಿಕದವರು 1968ರಲ್ಲೇ ಆಹಾರದಲ್ಲಿ ನಿಷೇಧಿಸಿದ್ದಾರೆ. ಕೂಸು ಹಾಲು ಕಕ್ಕಿದರೂ ನಗುತ್ತ ತೂಕ ಏರುತ್ತಿದ್ದರೆ ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. ಹೆಚ್ಚಿನ ಮಕ್ಕಳಿಗೆ ವರ್ಷ ಒಂದೂವರೆ ವರ್ಷದೊಳಗೆ ತಾನೇ ನಿಲ್ಲುತ್ತದೆ. 'ಹಂಗಾರ ಗ್ರೈಪ್ ವಾಟರ್ರ ಹಾಕ್ಲಿ' ಅಂತ ಅವ್ವ ನಡುವೆ ಬಾಯಿ ಹಾಕಿದಳು. 'ನಿಮ್ಮನ್ನೆಲ್ಲ ಅದನ್ನ ಹಾಕೇ ಬೆಳೆಸೀನಿ.' ಗ್ರೈಪ್ ವಾಟರ್ ಹುಟ್ಟಿದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ, 1851ರಲ್ಲಿ. ವಿಲಿಯಂ ವುಡ್‌ವರ್ಡ್ ಅನ್ನುವವರ ತಯಾರಿ. ಆ ಹಳೆಯ ಮಿಶ್ರಣದಲ್ಲಿ ಸಬ್ಬಸಿಗೆ ಎಣ್ಣೆ ಇತ್ತು, ಸೋಡಾ ಇತ್ತು, ಜೊತೆಗೆ ಆಲ್ಕೋಹಾಲೂ ಇತ್ತು. ಅಲ್ಲಿನ ಕೂಸುಗಳು ಅಷ್ಟು ಶಾಂತವಾಗಿ ಮಲಗುತ್ತಿದ್ದುದರ ಗುಟ್ಟು ಯಾವುದು ಅಂತ ಊಹಿಸುವುದು ಕಷ್ಟವಲ್ಲ. ಕಾಕಾ ಇದನ್ನು ಕೇಳಿ ಭಾಳ ಗೌರವದಿಂದ ತಲೆಯಾಡಿಸಿದ.

ಮಗನಿಗೆ ಉರಿ ಕಡಿಮೆಯಾಯಿತು. ಆದರೆ ಡಾಕ್ಟರ ಮಾತು ತಲೆಯಲ್ಲಿ ಕೂತುಬಿಟ್ಟಿತು. ಬಂದವರಿಗೆಲ್ಲ ಅಂಗಿ ಎತ್ತಿ 'ನಂದು 19ನೇ ಗೇಟ್ ಹೋಗೇತಿ' ಅಂತ ತೋರಿಸತೊಡಗಿದ. ಬಂದವರೂ ಸುಮ್ಮನಿರಬೇಕಲ್ಲ? 'ನಾಯ್ಡು ಅವ್ರನ್ನ ಕರಸ್ರಿ ಮತ್ತ' ಅನ್ನುತ್ತಿದ್ದರು. ಸ್ವಲ್ಪ ದಿನಕ್ಕೆ ಶಾಲೆಯಿಂದ ಅವನ ಟೀಚರ್ ಫೋನ್ ಬಂತು.

'ಸರ್, ನಿಮ್ಮ ಹುಡುಗಂದು ಏನೋ ಗೇಟ್ ಪ್ರಾಬ್ಲಂ ಅಂತಾನ. ಬೆಂಚ್ ಮ್ಯಾಲ ಮಲಗ್ತಾನ.'

'ಹೌದ್ರಿ ಮೇಡಂ, ಸ್ವಲ್ಪ ಇತ್ತು. ಯಾವಾಗ ಆಗ್ತೈತ್ರಿ, ಊಟ ಆದ ಮ್ಯಾಲೆ?'

'ಇಲ್ರಿ. ಗಣಿತದ ಪೀರಿಯಡ್‌ನಾಗ ಮಾತ್ರ.'

ಅವ್ವ ಅಡುಗೆಮನೆಯಿಂದಲೇ ಕೇಳಿಸಿಕೊಂಡಿದ್ದಳು. ಮರುದಿನ ಅವನ ಕಂಪಾಸ್ ಬಾಕ್ಸಿನಲ್ಲಿ ರಬ್ಬರಿನ ಪಕ್ಕ ಒಂದು ಅಜವಾನದ ಪೊಟ್ಟಣ ಇತ್ತು. ಸಂಜೆ ಕೇಳಿದರೆ ಮೇಡಂ ಅದನ್ನು ಇಸಿದುಕೊಂಡರಂತೆ, ಅವರಿಗೇ ಹೊಟ್ಟೆ ಉಬ್ಬರಿಸಿತ್ತಂತೆ. ಅವ್ವ ಈಗ ಸ್ಟಾಫ್ ರೂಮಿಗೆ ಬೇರೆ ಡಬ್ಬಿ ಕಟ್ಟುತ್ತಿದ್ದಾಳೆ.