ಏಳೆಂಟ್ಲೆ ಐವತ್ತಾರು

ಜೂನ್ ಬಂತೆಂದರೆ ನನಗೆ ಊಟಕ್ಕೂ ಪುರುಸೊತ್ತಿಲ್ಲ. ಬೆಳಗಾವಿಯ ಶಹಾಪುರದಲ್ಲಿ ನಮ್ಮದು ವಹಿ-ಪುಸ್ತಕದ ಅಂಗಡಿ. ಕನ್ನಡ ಸಾಲಿಯವರು ‘ಎರಡು ಗೆರಿ ವಹಿ ಕೊಡ್ರಿ’ ಅಂತಾರೆ. ಮರಾಠಿಯವರು ‘ದುರೇಘಿ’ ಅಂತಾರೆ. ಇಂಗ್ಲಿಷ್ ಮೀಡಿಯಂನವರು ‘ಟೂ ಲೈನ್’ ಅಂತಾರೆ. ನಾನು ಕೈ ಹಾಕುವ ಕಪಾಟು ಒಂದೇ.

ಈ ಸಲ ಅದೇ ಗದ್ದಲದಲ್ಲಿ ಅಕ್ಕ ಬಂದಳು, ಮಗಳನ್ನು ಕರೆದುಕೊಂಡು. ಟೆಕ್ಸಸ್‌ನಲ್ಲಿ ಆಸ್ಟಿನ್ ಹತ್ತಿರ ಇರುತ್ತಾರೆ. ಹುಡುಗಿಗೆ ಒಂಬತ್ತು ವರ್ಷ. ಅವಳು ಕಲಿಯುತ್ತಿರುವುದು ಇಂಗ್ಲಿಷ್-ಸ್ಪ್ಯಾನಿಷ್ ಶಾಲೆಯಲ್ಲಿ. ಅದೂ ಫೀ ಇಲ್ಲದ ಸರ್ಕಾರಿ ಶಾಲೆ. ಮನೆಯಲ್ಲಿ ಯಾರಿಗೂ ಸ್ಪ್ಯಾನಿಷ್ ಬರುವುದಿಲ್ಲ. ಚೀಟಿ ಎತ್ತಿದಾಗ ಹೆಸರು ಬಂತಂತೆ, ಹಾಕಿದರಂತೆ. ‘ಇಂಗ್ಲಿಷ್ ಹೆಂಗಾದ್ರೂ ಬರ್ತದ, ಇದೊಂದು ಪುಕ್ಕಟ ಬರ್ಲಿ ಅಂತ’ ಎಂದಳು ಅಕ್ಕ. ನಮ್ಮಕ್ಕ ಬಜಾರಕ್ಕೆ ಹೋದರೂ ಹಾಗೇ, ಕೊತ್ತಂಬರಿ ಜೊತೆ ಕರಿಬೇವು ಪುಕ್ಕಟೆ ಕೇಳದೆ ಬರುವವಳಲ್ಲ.

ಒಂದು ಸಂಜೆ ಮಳೆ ಜೋರಿತ್ತು, ಗಿರಾಕಿ ಇರಲಿಲ್ಲ. ವಹಿಗಳನ್ನು ಸಾಲಿಗೆ ಎಂಟರಂತೆ ಏಳು ಸಾಲು ಜೋಡಿಸಿಟ್ಟಿದ್ದೆ. ಒಟ್ಟು ಎಷ್ಟು ಹೇಳಿ ನೋಡೋಣ ಎಂದು ಮಕ್ಕಳನ್ನು ಕೇಳಿದೆ. ನನ್ನ ಮಗ ಉಸಿರು ಬಿಡದೆ ‘ಸೆವೆನ್ ಏಟ್ಸ್ ಆರ್ ಫಿಫ್ಟಿ ಸಿಕ್ಸ್’ ಎಂದ. ಸೊಸೆ, ಅಂದರೆ ಅಕ್ಕನ ಮಗಳು, ತುಟಿಯಲ್ಲೇ ‘ಸಿಯೆತೆ ಪೋರ್ ಓಚೋ, ಸಿಂಕ್ವೆಂತಾ ಇ ಸೇಯ್ಸ್’ ಅಂದುಕೊಂಡು ಆಮೇಲೆ ಇಂಗ್ಲಿಷಿನಲ್ಲಿ ಉತ್ತರ ಹೇಳಿದಳು. ಗಲ್ಲಾದ ಮುಂದೆ ಕುಳಿತಿದ್ದ ಅಪ್ಪ ಕಣ್ಣು ಮುಚ್ಚಿಕೊಂಡೇ ‘ಸಾತ್ ಆಠೆ ಛಪ್ಪನ್ನ’ ಎಂದರು. ಚಹಾ ತಂದ ಅವ್ವ, ‘ಏಳೆಂಟ್ಲೆ ಐವತ್ತಾರು. ಇಷ್ಟಕ್ಕ ಇಷ್ಟೊಂದ ಗದ್ಲಾನ?’ ಎಂದಳು.

ನಾಲ್ಕು ಭಾಷೆ, ಒಂದೇ ಉತ್ತರ.

ಅಪ್ಪ ಕನ್ನಡದ ಮನೆಯವರೇ. ಆದರೆ ಅವರು ಒಂದನೇ ಇಯತ್ತೆಗೆ ಹೋಗುವಾಗ ಬೆಳಗಾವಿ ಇನ್ನೂ ಮುಂಬೈ ರಾಜ್ಯದಲ್ಲಿತ್ತು. ಓಣಿಯಲ್ಲಿದ್ದ ಮರಾಠಿ ಶಾಲೆಗೆ ಹಾಕಿದರು. 1956ರ ನವೆಂಬರಿನಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಅಪ್ಪನ ತಲೆಯೊಳಗಿನ ಮಗ್ಗಿ ಸೇರಲಿಲ್ಲ. ಪಾವಕಿ, ನಿಮಕಿ, ದೀಡಕಿ, ಅಂದರೆ ಕಾಲು, ಅರ್ಧ, ಒಂದೂವರೆಯ ಮಗ್ಗಿ, ಎಲ್ಲ ಇವತ್ತಿಗೂ ಮರಾಠಿಯಲ್ಲೇ. ಪತ್ರಿಕೆ ಕನ್ನಡ, ಜಗಳ ಕನ್ನಡ, ದೇವರ ಮುಂದೆ ಹೇಳುವ ವಚನ ಕನ್ನಡ. ಲೆಕ್ಕ ಮಾತ್ರ ಮರಾಠಿ. ಇದರಿಂದ ಅವರ ಕನ್ನಡಕ್ಕೆ ಏನು ಕಡಿಮೆಯಾಯಿತು? ನನಗಂತೂ ಕಂಡಿಲ್ಲ.

ಸೊಸೆಯ ಶಾಲೆಯ ಕಥೆ ಕೇಳುತ್ತಾ ಹೋದೆ. ಗಣಿತ, ವಿಜ್ಞಾನ ಸ್ಪ್ಯಾನಿಷ್‌ನಲ್ಲಿ. ಸಮಾಜ ವಿಜ್ಞಾನ ಇಂಗ್ಲಿಷಿನಲ್ಲಿ. ಓದು-ಬರಹ ಎರಡರಲ್ಲೂ. ಗೋಡೆಯ ಮೇಲೆ ಸ್ಪ್ಯಾನಿಷ್ ಶಬ್ದಗಳು ಕೆಂಪು ಅಕ್ಷರದಲ್ಲಿ, ಇಂಗ್ಲಿಷ್ ಶಬ್ದಗಳು ನೀಲಿಯಲ್ಲಿ. ಸ್ಪ್ಯಾನಿಷ್ ಟೀಚರಿಗೆ ಇಂಗ್ಲಿಷ್ ಚೆನ್ನಾಗಿ ಗೊತ್ತು, ಆದರೂ ತರಗತಿಯಲ್ಲಿ ಗೊತ್ತಿಲ್ಲದವರಂತೆ ನಟಿಸುತ್ತಾರಂತೆ. ‘ಆದ್ರ ಪಾರ್ಕಿಂಗ್ ಲಾಟ್‌ನ್ಯಾಗ ಫೋನ್‌ದಾಗ ಇಂಗ್ಲಿಷ್ ಮಾತಾಡ್ತಾರ ಮಾಮಾ, ನಾ ಕೇಳೇನಿ’ ಎಂದು ಗುಟ್ಟು ಹೇಳಿದಳು. ಕನ್ನಡ ಅಷ್ಟಿಷ್ಟು ಬರುತ್ತದೆ ಅವಳಿಗೆ. ಅದೂ ಪಕ್ಕಾ ಬೆಳಗಾವಿ ಕನ್ನಡ, ಅಕ್ಕನ ಅಡುಗೆಮನೆಯದು.

ನನಗೆ ಹಿಡಿಸಿದ್ದು ಕೂರಿಸುವ ಕ್ರಮ. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಗುವಿನ ಪಕ್ಕ ಇಂಗ್ಲಿಷ್ ಆಡುವ ಮಗು. ಗಣಿತದ ಹೊತ್ತಿಗೆ ಇವಳು ಪಕ್ಕದ ಹುಡುಗನನ್ನು ಕೇಳಬೇಕು. ಸಮಾಜದ ಹೊತ್ತಿಗೆ ಅವನು ಇವಳನ್ನು ಕೇಳಬೇಕು. ಅವನ ತಂದೆ ಮೆಕ್ಸಿಕೋದಿಂದ ಬಂದು ಮನೆ ಕಟ್ಟುವ ಕೆಲಸ ಮಾಡುವವರು. ಇವಳಪ್ಪ ಸಾಫ್ಟ್‌ವೇರ್. ತರಗತಿಯಲ್ಲಿ ಅರ್ಧ ದಿನ ಅವನು ಜಾಣ, ಅರ್ಧ ದಿನ ಇವಳು ಜಾಣೆ. ಇದನ್ನು ಅಲ್ಲಿ ಟೂ-ವೇ ಅನ್ನುತ್ತಾರೆ. ಎರಡು ಕಡೆಯವರೂ ಕಲಿಯಬೇಕು, ಎರಡು ಕಡೆಯವರೂ ಕಲಿಸಬೇಕು. ಕೆಲವು ಶಾಲೆಗಳಲ್ಲಿ ಮೊದಲು 90 ಪಾಲು ಸ್ಪ್ಯಾನಿಷ್, 10 ಪಾಲು ಇಂಗ್ಲಿಷ್ ಇಟ್ಟು ವರ್ಷ ಹೋದಂತೆ ಸಮ ಮಾಡುತ್ತಾರೆ. ಕೆಲವರು ಶುರುವಿನಿಂದಲೇ ಅರ್ಧರ್ಧ.

ಇದೆಲ್ಲ ಶುರುವಾಗಿದ್ದು ಮಯಾಮಿಯ ಕೋರಲ್ ವೇ ಎಂಬ ಪ್ರಾಥಮಿಕ ಶಾಲೆಯಲ್ಲಿ, 1963ರಲ್ಲಿ. ಕ್ಯೂಬಾದಲ್ಲಿ ಕ್ರಾಂತಿಯಾಗಿ ಜನ ಗುಳೆ ಬಂದಿದ್ದರು. ಅವರ ಮಕ್ಕಳನ್ನೂ ಊರಿನ ಮಕ್ಕಳನ್ನೂ ಒಂದೇ ಶಾಲೆಯಲ್ಲಿ ಸೇರಿಸಿ ಅರ್ಧ ದಿನ ಒಂದು ಭಾಷೆ, ಅರ್ಧ ದಿನ ಇನ್ನೊಂದು ಎಂದು ಮಾಡಿದರು.

ಅಮೆರಿಕದವರು ಹುಟ್ಟಾ ಉದಾರಿಗಳು ಅಂತ ತಿಳಿಯಬೇಡಿ. ಇದೇ ಟೆಕ್ಸಸ್‌ನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡುವುದು 1918ರ ಕಾನೂನಿನಂತೆ ಅಪರಾಧವಾಗಿತ್ತು. ಅದು ಹೋಗಿದ್ದು 1969ರಲ್ಲಿ. ಮಾರ್ಫಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆಂದೇ ಬ್ಲ್ಯಾಕ್‌ವೆಲ್ ಎಂಬ ಪ್ರತ್ಯೇಕ ಶಾಲೆಯಿತ್ತು. 1954ರಲ್ಲಿ ಅಲ್ಲಿ ‘ಸ್ಪ್ಯಾನಿಷ್ ಮಾತಾಡುವುದಿಲ್ಲ’ ಎಂದು ಮಕ್ಕಳಿಂದ ಚೀಟಿ ಬರೆಸಿ, ಆ ಚೀಟಿಗಳನ್ನು ಪೆಟ್ಟಿಗೆಯಲ್ಲಿ ಹಾಕಿ, ಧ್ವಜಸ್ತಂಭದ ಹತ್ತಿರ ಗುಂಡಿ ತೋಡಿ ಹೂತರು. ಸ್ಪ್ಯಾನಿಷ್‌ಗೆ ಅಂತ್ಯಕ್ರಿಯೆ. ಇವತ್ತು ಆ ಶಾಲೆ ರಾಷ್ಟ್ರೀಯ ಐತಿಹಾಸಿಕ ತಾಣ.

ಇದನ್ನು ಅಕ್ಕ ಹೇಳುವಾಗ ನನ್ನ ಮಗ ಪಕ್ಕದಲ್ಲೇ ಇದ್ದ. ‘ನಮ್ಮ ಸಾಲ್ಯಾಗ ಹೂಳಂಗಿಲ್ಲ, ಬರೇ ಐದ್ ರೂಪಾಯಿ ತಗೋತಾರ’ ಎಂದ.

ಹೌದು. ನನ್ನ ಮಗ ನಾಲ್ಕನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡಿದರೆ ಒಂದು ಸಲಕ್ಕೆ ಐದು ರೂಪಾಯಿ ದಂಡ. ಮರಾಠಿಗೂ ಐದೇ. ಆ ಮಟ್ಟಿಗೆ ಸಮಾನತೆ ಇದೆ. ಮಾತಾಡಿದವರ ಹೆಸರು ಬರೆಯಲು ಮಕ್ಕಳಲ್ಲೇ ಒಬ್ಬ ಮಾನಿಟರ್. ಶಾಲೆಗೆ ಬೈಯುವ ಮೊದಲು ನನಗೆ ನಾನೇ ಬೈದುಕೊಳ್ಳಬೇಕು. ಸೇರಿಸಿದವನು ನಾನು. ಮೊದಲ ವರ್ಷ ಈ ದಂಡದ ಸುದ್ದಿ ಕೇಳಿ ‘ಶಿಸ್ತು ಅದ’ ಎಂದು ಖುಷಿಪಟ್ಟವನೂ ನಾನೇ.

ಆ ಇಂಗ್ಲಿಷ್ ಏನು ಮಾಡಿದೆ ಎಂದು ಗೊತ್ತಾಗಿದ್ದು ಅದೇ ವಾರ. ನಮ್ಮೂರ ಮಳೆಗಾಲ ಗೊತ್ತಲ್ಲ, ಒಮ್ಮೆ ಹಿಡಿದರೆ ಬಿಡುವುದಿಲ್ಲ. ಮಗನ ಯುನಿಫಾರ್ಮ್ ಎರಡು ದಿನದಿಂದ ಪಡಸಾಲೆಯ ಹಗ್ಗದ ಮೇಲೆ ನೇತಾಡುತ್ತಿತ್ತು. ಮುಟ್ಟಿದರೆ ಇನ್ನೂ ತಣ್ಣಗೆ, ಹಸಿ ವಾಸನೆ ಬೇರೆ. ಯಾಕೆ ಒಣಗಿಲ್ಲ ಎಂದು ಇಬ್ಬರನ್ನೂ ಕೇಳಿದೆ. ಮಗನಿಗೆ ಇವಾಪರೇಷನ್, ಅಂದರೆ ನೀರು ಆವಿಯಾಗುವ ಪಾಠ ಆಗಿದೆ. ವ್ಯಾಖ್ಯೆ ಒಂದಕ್ಷರ ತಪ್ಪದೆ ಒಪ್ಪಿಸಿದ. ಆಮೇಲೆ ‘ಮಳಿ ಅದಲ್ಲ, ಅದಕ್ಕ’ ಎಂದ. ಮನೆಯೊಳಗೆ ಮಳೆ ಬೀಳುತ್ತಿಲ್ಲವಲ್ಲೋ ಎಂದರೆ ಮುಖ ಮುಖ ನೋಡಿದ. ಸೊಸೆ ಅಂಗಿಯ ತುದಿ ಹಿಂಡಿ ನೋಡಿದಳು. ‘ಏರ್‌ನ್ಯಾಗ ಮೊದಲ ನೀರು ಭಾಳ ಅದ, ಇದು ಎಲ್ಲಿ ಹೋಗಬೇಕು?’ ಎಂದಳು. ಮಗ ದಡ್ಡನಲ್ಲ. ಅವನ ಇವಾಪರೇಷನ್ನಿಗೂ ನಮ್ಮ ಹಗ್ಗಕ್ಕೂ ಯಾರೂ ಗಂಟು ಹಾಕಿರಲಿಲ್ಲ, ಅಷ್ಟೇ. ಇವಳು ಸ್ಪ್ಯಾನಿಷ್‌ನಲ್ಲಿ ಕಲಿತದ್ದನ್ನು ಇಂಗ್ಲಿಷಿಗೆ ತಂದು, ಅರೆಬರೆ ಕನ್ನಡದಲ್ಲಿ ನನಗೆ ಹೇಳಿದಳು.

ಕೆನಡಾದ ಜಿಮ್ ಕಮಿನ್ಸ್ ಎಂಬ ಪ್ರೊಫೆಸರ್ ಇದನ್ನು 1979ರಷ್ಟು ಹಿಂದೆಯೇ ಹೇಳಿದ್ದಾರೆ. ಒಂದು ಭಾಷೆಯಲ್ಲಿ ಅರ್ಥವಾಗಿದ್ದು ಇನ್ನೊಂದು ಭಾಷೆಗೂ ಕೆಲಸಕ್ಕೆ ಬರುತ್ತದೆ, ಹೊಸದಾಗಿ ಕಲಿಯಬೇಕಿಲ್ಲ ಅಂತ. ಇನ್ನೊಂದು ಮಾತೂ ಹೇಳಿದರು: ಆಡುವ ಇಂಗ್ಲಿಷ್ ಎರಡು ವರ್ಷದಲ್ಲಿ ಬಂದೀತು, ಪಾಠದ ಇಂಗ್ಲಿಷಿಗೆ 5ರಿಂದ 7 ವರ್ಷ ಬೇಕು. ಅದೂ ಸುತ್ತಮುತ್ತ ಇಂಗ್ಲಿಷ್ ಕಿವಿಗೆ ಬೀಳುವ ಊರಿನಲ್ಲಿ. ಶಹಾಪುರದಲ್ಲಿ ಇಂಗ್ಲಿಷ್ ಕಿವಿಗೆ ಬೀಳುವುದು ಟಿವಿ ಹಚ್ಚಿದಾಗ.

ನಮ್ಮ ಸರ್ಕಾರಿ ಶಾಲೆಗಳಲ್ಲೂ 2019-20ರಲ್ಲಿ ಮೊದಲು 1000 ಕಡೆ ಇಂಗ್ಲಿಷ್ ಮಾಧ್ಯಮ ಶುರುಮಾಡಿದರು. ಪಕ್ಕದ ಮನೆ ಹುಡುಗಿಯ ಗಣಿತ ಪುಸ್ತಕ ನೋಡಿದೆ. ಒಂದು ಪುಟ ಕನ್ನಡ, ಎದುರಿನ ಪುಟ ಇಂಗ್ಲಿಷ್. ನಿಜ ಹೇಳಬೇಕೆಂದರೆ ನನ್ನ ಮಗನ ದುಬಾರಿ ಪುಸ್ತಕಕ್ಕಿಂತ ಅದೇ ಮೇಲು. ಆದರೆ ಎರಡೂ ಪುಟ ಪಾಠ ಮಾಡಬಲ್ಲ ಟೀಚರನ್ನು ಎಲ್ಲಿಂದ ತರೋದು? ಪುಸ್ತಕ ಅಚ್ಚು ಹಾಕುವುದು ಸುಲಭದ ಕೆಲಸ.

ಈಗ ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಬೈಸಿಕೊಳ್ಳಲು ತಯಾರಾಗಿಯೇ ಬರೆಯುತ್ತಿದ್ದೇನೆ. ಆಸ್ಟಿನ್‌ನವರು ಚೀಟಿ ಎತ್ತಿ, ಎರಡು ಭಾಷೆಯ ಮಕ್ಕಳನ್ನು ಹುಡುಕಿ ಒಂದೇ ಬೆಂಚಿಗೆ ತರುತ್ತಾರೆ. ನಮ್ಮಲ್ಲಿ ಆ ಮಕ್ಕಳು ಹುಡುಕದೆಯೇ ಇದ್ದಾರೆ. ನಮ್ಮ ಅಂಗಡಿಗೆ ಬರುವ ಇಬ್ಬರು ಹುಡುಗರು ಒಂದೇ ಕಂಪೌಂಡಿನವರು. ಒಬ್ಬ ಕನ್ನಡ ಶಾಲೆ, ಒಬ್ಬ ಮರಾಠಿ ಶಾಲೆ. ನಡುವೆ ಒಂದು ನಲ್ಲಿ, ಒಂದು ಬೇವಿನ ಗಿಡ. ಶಾಲೆಯ ಗಂಟೆ ಮಾತ್ರ ಎರಡು. ಬಿಡುವಿನಲ್ಲಿ ಒಟ್ಟಿಗೆ ಗೋಲಿ ಆಡುತ್ತಾರೆ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಬೈದಾಡುತ್ತಾರೆ, ಗಂಟೆ ಹೊಡೆದರೆ ಬೇರೆ ಬೇರೆ ಬಾಗಿಲು. ಇವರನ್ನು ದಿನಕ್ಕೆ ಎರಡು ಪಿರಿಯಡ್ ಒಂದೇ ಬೆಂಚಿನಲ್ಲಿ ಕೂರಿಸಿ ಗಣಿತ ಹೇಳಿಕೊಟ್ಟರೆ ಏನು ಹೋಗುತ್ತೆ? ಅಕ್ಷರ ಬೇರೆ, ಆದರೆ ಕ ಖ ಗ ಘ ಸಾಲು ಒಂದೇ. ಅಣ್ಣ ಅಲ್ಲೂ ಅಣ್ಣಾ, ಅಕ್ಕ ಅಲ್ಲೂ ಅಕ್ಕಾ. ಗಡಿ ಗಲಾಟೆಯ ದಿನ ನನ್ನ ಅಂಗಡಿಯ ಶಟರ್ ಎಳೆಸಿದವರು ಎರಡೂ ಕಡೆ ಇದ್ದಾರೆ. ಅವರ್‍ಯಾರೂ ಮಗ್ಗಿಯ ವಿಷಯಕ್ಕೆ ಜಗಳಕ್ಕೆ ಬಂದವರಲ್ಲ.

ಕನ್ನಡ ಎಲ್ಲಿ ಕಡಿಮೆಯಾಗುತ್ತೋ ಅನ್ನುವ ಭಯ ನನಗೂ ಇದೆ. ಅಕ್ಕನ ಮಗಳನ್ನು ನೋಡಿಯೇ ಆ ಭಯ ಜಾಸ್ತಿಯಾಯಿತು. ಎರಡು ಭಾಷೆ ಓದಿ ಬರೆಯುವ ಹುಡುಗಿಗೆ ನಮ್ಮ ಅಂಗಡಿಯ ಬೋರ್ಡು ಓದಲು ಬರುವುದಿಲ್ಲ. ಅಲ್ಲಿ ಸ್ಪ್ಯಾನಿಷ್‌ಗೆ ಶಾಲೆ ಇದೆ, ಕನ್ನಡಕ್ಕೆ ಅಕ್ಕನ ಅಡುಗೆಮನೆ ಮಾತ್ರ. ಅಲ್ಲಿನ ಪದ್ಧತಿಗೂ ಹುಳುಕಿದೆ. ಸ್ಟ್ಯಾನ್‌ಫರ್ಡ್‌ನ ಗ್ವಾದಲೂಪೆ ವಾಲ್ದೇಸ್ 1997ರಲ್ಲೇ ಎಚ್ಚರಿಸಿದ್ದರು: ಈ ಶಾಲೆಗಳ ಲಾಭ ಉಳ್ಳವರ ಮಕ್ಕಳಿಗೇ ಹೆಚ್ಚು ಸಿಗದಂತೆ ನೋಡಿಕೊಳ್ಳಿ ಅಂತ. ಸ್ಪ್ಯಾನಿಷ್ ಕಲಿತರೆ ಇವಳಿಗೆ ಚಪ್ಪಾಳೆ. ಪಕ್ಕದ ಹುಡುಗ ಇಂಗ್ಲಿಷ್ ಕಲಿತರೆ ಅದೇನು ದೊಡ್ಡದು ಅಂತಾರೆ. ಬಿಡುವಿನಲ್ಲಿ ಮಕ್ಕಳೆಲ್ಲ ಇಂಗ್ಲಿಷಿಗೇ ಜಾರುತ್ತಾರಂತೆ. ಗೆಲ್ಲುವ ಭಾಷೆ ಯಾವುದು ಎಂದು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ.

ಒಂದು ದಿನ ಹೂವಿನ ಪೇಟೆಯಲ್ಲಿ ಸೊಸೆ ಚೆಂಡು ಹೂವಿನ ರಾಶಿ ನೋಡಿ ‘ಸೆಂಪಾಸೂಚಿಲ್!’ ಎಂದು ಕೂಗಿದಳು. ನವೆಂಬರ್ ಮೊದಲ ವಾರದಲ್ಲಿ ಮೆಕ್ಸಿಕೋದವರು ತೀರಿಹೋದ ಹಿರಿಯರಿಗೆ ಈ ಹೂವಿಟ್ಟು, ಅವರಿಷ್ಟದ ಊಟ ಇಡುತ್ತಾರೆ. ಶಾಲೆಯಲ್ಲೂ ಮಾಡುತ್ತಾರಂತೆ, ಇವಳು ನಮ್ಮ ಅಜ್ಜಿಯ ಫೋಟೋ ಒಯ್ದು ಇಟ್ಟಿದ್ದಳಂತೆ. ಹೂವು ಮೂಲತಃ ಮೆಕ್ಸಿಕೋ ಕಡೆಯದೇ. ಹೂವಿನವಳು ಕೇಳಿ, ‘ನಮ್ಮಲ್ಲೂ ಹಿರ್‍ಯಾರಿಗೆ ಎಡಿ ಇಡ್ತೀವಲ್ಲ ತಂಗಿ’ ಎಂದು ಒಂದು ಹೂ ಕೈಗಿಟ್ಟಳು. ಆ ಮಾತು ಯಾವ ಭಾಷೆಯಲ್ಲಿ ಅರ್ಥವಾಯಿತೋ, ಹುಡುಗಿ ತಲೆಯಾಡಿಸಿದಳು.

ಅಕ್ಕ ಹೋಗಿ ಹತ್ತು ದಿನವಾಯಿತು. ಹೋಗುವಾಗ ಎರಡು ಗೆರೆಯ ವಹಿ ಹನ್ನೆರಡು ಒಯ್ದಿದ್ದಾಳೆ, ಅ ಆ ಇ ಈ ತಿದ್ದಿಸಲು. ದುಡ್ಡು ಕೊಟ್ಟಿಲ್ಲ. ಇತ್ತ ಮಗನ ಡೈರಿಯಲ್ಲಿ ಶಾಲೆಯಿಂದ ಚೀಟಿ ಬಂದಿದೆ. ಈ ತಿಂಗಳು ಏಳು ಸಲ ಕನ್ನಡ ಮಾತಾಡಿದ್ದಾನೆ, ದಂಡ ಬಾಕಿ. ಏಳೈದ್ಲೆ ಮೂವತ್ತೈದು. ನಾಳೆ ನಾನೇ ಹೋಗಿ ಹೆಡ್‌ಮಾಸ್ತರರ ಹತ್ತಿರ ಮಾತಾಡಬೇಕೆಂದಿದ್ದೇನೆ. ನನಗೆ ಬರುವುದು ಕನ್ನಡ, ಮಾತಾಡಲು ವಿಷಯವೂ ಬಹಳ ಇದೆ. ಗಲ್ಲಾದಿಂದ ಐದರ ನಾಣ್ಯ ಒಂದು ಚೀಲ ತೆಗೆದಿಟ್ಟುಕೊಂಡಿದ್ದೇನೆ.